ಹೆಲ್ಪಿಂಗ್ ವರ್ಬ್ ಮತ್ತು ಪಾರ್ಟಿಸಿಪಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ವ್ಯಾಕರಣದಲ್ಲಿ ಕನ್ನಡದವರು ಜಾಸ್ತಿ ಎಡವುವುದು ಒಂದು ಸಣ್ಣ ಸಂದಿನಲ್ಲಿ. ಹೆಲ್ಪಿಂಗ್ ವರ್ಬ್, ಅಂದರೆ ಮುಖ್ಯ ಕ್ರಿಯಾಪದಕ್ಕೆ ಸಹಾಯ ಮಾಡುವ ಪದ, ಮುಗಿದು ಮುಖ್ಯ ಕ್ರಿಯಾಪದ ಶುರುವಾಗುವ ಜಾಗ ಅದು. ‘ಡಿಡ್’ ಆದ ಮೇಲೆ ‘ಗೋ’ ಬರಬೇಕಾ, ‘ವೆಂಟ್’ ಬರಬೇಕಾ? ‘ಹ್ಯಾಸ್’ ಆದ ಮೇಲೆ ‘ಕೇಮ್’ ಸರಿಯಾ, ‘ಕಮ್’ ಸರಿಯಾ? ದೊಡ್ಡ ದೊಡ್ಡ ಪದಗಳು ಗೊತ್ತಿರುವವರೂ ಇಲ್ಲಿ ಒಂದು ಕ್ಷಣ ತಡವರಿಸುತ್ತಾರೆ. ಇಂಗ್ಲಿಷ್ ಕಲಿಯಲು ನನ್ನ ಬಳಿ ಬಂದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ, ಕಿವಿಗೆ ಬೇಗ ಹಿಡಿಯುತ್ತದೆ.

ಪಾರ್ಟಿಸಿಪಲ್ ಅಂದರೆ ಏನು?

ಕ್ರಿಯಾಪದದಿಂದ ಹುಟ್ಟಿ, ವಿಶೇಷಣದ ಕೆಲಸವನ್ನೂ ಮಾಡಬಲ್ಲ ರೂಪ. ಲ್ಯಾಟಿನ್‌ನಲ್ಲಿ ಈ ಪದದ ಮೂಲ ಅರ್ಥ ‘ಪಾಲು ಪಡೆಯುವುದು’. ಅರ್ಧ ಕ್ರಿಯಾಪದ, ಅರ್ಧ ವಿಶೇಷಣ, ಎರಡೂ ಕಡೆ ಪಾಲು ಇದೆ ಅನ್ನುವ ಅರ್ಥದಲ್ಲಿ ಆ ಹೆಸರು ಬಂತು.

ಕನ್ನಡದಲ್ಲಿ ಇದು ಹೊಸದೇನಲ್ಲ. ‘ಓಡುವ ಹುಡುಗ’, ‘ಮುರಿದ ಕುರ್ಚಿ’ ಅನ್ನುತ್ತೇವೆ ಅಲ್ವಾ? ‘ಓಡುವ’, ‘ಮುರಿದ’ ಇವು ಕೃದಂತಗಳು. ಇಂಗ್ಲಿಷಿನಲ್ಲಿ ಅದೇ ‘ರನ್ನಿಂಗ್ ಬಾಯ್’, ‘ಬ್ರೋಕನ್ ಚೇರ್’. ‘ಇಂಗ್’ ಸೇರಿದ್ದು ಪ್ರೆಸೆಂಟ್ ಪಾರ್ಟಿಸಿಪಲ್. ಶಾಲೆಯಲ್ಲಿ ವಿ3 ಅಂತ, ಮೂರನೇ ಫಾರ್ಮ್ ಅಂತ ಕಲಿತದ್ದು ಪಾಸ್ಟ್ ಪಾರ್ಟಿಸಿಪಲ್. ಇವೆರಡರ ಜೊತೆಗೆ ‘ಹ್ಯಾವಿಂಗ್ ಫಿನಿಶ್ಡ್’ ತರಹದ್ದು ಇನ್ನೊಂದಿದೆ, ಅದಕ್ಕೆ ಪರ್ಫೆಕ್ಟ್ ಪಾರ್ಟಿಸಿಪಲ್ ಅನ್ನುತ್ತಾರೆ.

ಪ್ರೆಸೆಂಟ್ ಪಾರ್ಟಿಸಿಪಲ್ ವರ್ತಮಾನಕ್ಕೆ, ಪಾಸ್ಟ್ ಪಾರ್ಟಿಸಿಪಲ್ ಭೂತಕಾಲಕ್ಕೆ. ಸರೀನಾ?

ಅಲ್ಲ. ಈ ಹೆಸರುಗಳು ತುಂಬ ಜನರನ್ನು ದಾರಿ ತಪ್ಪಿಸಿವೆ. ‘ಶಿ ವಾಸ್ ಸಿಂಗಿಂಗ್’ ಅಂದರೆ ಅವಳು ಹಾಡುತ್ತಿದ್ದಳು. ‘ಸಿಂಗಿಂಗ್’ ಪ್ರೆಸೆಂಟ್ ಪಾರ್ಟಿಸಿಪಲ್, ಆದರೆ ಕಾಲ ಭೂತ. ‘ಇಟ್ ವಿಲ್ ಬಿ ಡನ್ ಟುಮಾರೋ’ ಅಂದರೆ ನಾಳೆ ಆಗುತ್ತದೆ. ‘ಡನ್’ ಪಾಸ್ಟ್ ಪಾರ್ಟಿಸಿಪಲ್, ಆದರೆ ಮಾತು ನಾಳೆಯದು. ಪಾರ್ಟಿಸಿಪಲ್‌ಗೆ ಸ್ವಂತ ಕಾಲ ಇಲ್ಲ. ಕಾಲ ಹೇಳುವುದು ಅದಕ್ಕಿಂತ ಮೊದಲು ಬರುವ ಹೆಲ್ಪಿಂಗ್ ವರ್ಬ್. ಪಾರ್ಟಿಸಿಪಲ್ ಹೇಳುವುದು ಕೆಲಸದ ಸ್ಥಿತಿ: ‘ಇಂಗ್’ ಅಂದರೆ ನಡೆಯುತ್ತಾ ಇದೆ, ವಿ3 ಅಂದರೆ ಮುಗಿದಿದೆ ಅಥವಾ ಯಾರೋ ಮಾಡಿದ್ದಾರೆ.

ಹೆಲ್ಪಿಂಗ್ ವರ್ಬ್ ಒಟ್ಟು ಎಷ್ಟು?

ಮುಖ್ಯವಾಗಿ ಮೂರು ಕುಟುಂಬ: ‘ಬಿ’, ‘ಹ್ಯಾವ್’, ‘ಡೂ’. ಇವುಗಳ ಜೊತೆ 9 ಮೋಡಲ್‌ಗಳು, ಅಂದರೆ ‘ಬಹುದು’, ‘ಬೇಕು’ ತರಹದ ಅರ್ಥ ಸೇರಿಸುವ ಪದಗಳು: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ‘ಬಿ’ ಒಂದಕ್ಕೇ 8 ವೇಷ: ಬಿ, ಆಮ್, ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್. ‘ಆಟ್ ಟು’, ‘ಯೂಸ್ಡ್ ಟು’, ‘ನೀಡ್’, ‘ಡೇರ್’ ಇವು ಮೋಡಲ್‌ಗಳ ಗುಂಪಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ.

ಮೋಡಲ್‌ಗೆ ‘ಎಸ್’ ಹತ್ತುವುದಿಲ್ಲ, ‘ಇಂಗ್’ ಹತ್ತುವುದಿಲ್ಲ, ಮುಂದೆ ‘ಟು’ ಬರುವುದಿಲ್ಲ. ‘ಹಿ ಕ್ಯಾನ್ಸ್ ಸ್ವಿಮ್’ ತಪ್ಪು, ‘ಹಿ ಕ್ಯಾನ್ ಟು ಸ್ವಿಮ್’ ಕೂಡ ತಪ್ಪು. ‘ಹಿ ಕ್ಯಾನ್ ಸ್ವಿಮ್’, ಅಷ್ಟೇ.

ಯಾವುದರ ಮುಂದೆ ಯಾವ ಫಾರ್ಮ್ ಬರಬೇಕು ಅಂತ ನೆನಪಿಡುವುದು ಹೇಗೆ?

ಇಡೀ ವಿಷಯದ ಬೀಗದಕೈ ಇರುವುದು ಇಲ್ಲೇ. ಪ್ರತಿ ಹೆಲ್ಪಿಂಗ್ ವರ್ಬ್ ತನ್ನ ಪಕ್ಕದಲ್ಲಿ ಬರುವ ಕ್ರಿಯಾಪದ ಯಾವ ರೂಪದಲ್ಲಿರಬೇಕು ಅಂತ ತಾನೇ ತೀರ್ಮಾನ ಮಾಡುತ್ತದೆ. ಪಕ್ಕದ್ದನ್ನು ಮಾತ್ರ. ಅದರಾಚೆ ಇರುವುದರ ಗೊಡವೆ ಅದಕ್ಕಿಲ್ಲ.

ಮೋಡಲ್ ಬಂದರೆ ಪಕ್ಕದ್ದು ವಿ1, ಅಂದರೆ ಮೂಲ ರೂಪ: ಮೇ ಗೋ, ಮಸ್ಟ್ ಗೋ. ‘ಡೂ’, ‘ಡಸ್’, ‘ಡಿಡ್’ ಬಂದರೂ ವಿ1: ಡಿಡ್ ಗೋ. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಬಂದರೆ ವಿ3: ಹ್ಯಾಸ್ ಗಾನ್. ‘ಬಿ’ ಕುಟುಂಬಕ್ಕೆ ಮಾತ್ರ ಎರಡು ದಾರಿ. ಕೆಲಸ ನಡೆಯುತ್ತಿದೆ ಅನ್ನಬೇಕಾದರೆ ‘ಇಂಗ್’: ಈಸ್ ರೈಟಿಂಗ್, ಬರೆಯುತ್ತಿದ್ದಾನೆ. ಯಾರೋ ಮಾಡಿದ್ದು ಅನ್ನಬೇಕಾದರೆ ವಿ3: ಈಸ್ ರಿಟನ್, ಬರೆಯಲಾಗಿದೆ.

ಈಗ ಗಮನಿಸಿ. ವಿ2, ಅಂದರೆ ‘ವೆಂಟ್’, ‘ಕೇಮ್’, ‘ಏಟ್’, ‘ಸಾ’ ಈ ಪಟ್ಟಿಯಲ್ಲಿ ಎಲ್ಲೂ ಬರಲಿಲ್ಲ. ಬರುವುದೂ ಇಲ್ಲ. ವಿ2 ಯಾವಾಗಲೂ ಒಂಟಿ, ಅದಕ್ಕೆ ಸಹಾಯ ಬೇಡ. ಇದೊಂದು ಮಾತು ಮನಸ್ಸಿನಲ್ಲಿ ಕೂತರೆ ‘ಡಿಡ್ ವೆಂಟ್’, ‘ಹ್ಯಾವ್ ಕೇಮ್’, ‘ವಾಸ್ ಟುಕ್’ ಎಲ್ಲವೂ ಒಟ್ಟಿಗೆ ಉದುರಿಹೋಗುತ್ತವೆ.

ಎರಡು ಮೂರು ಹೆಲ್ಪಿಂಗ್ ವರ್ಬ್ ಒಟ್ಟಿಗೆ ಬಂದರೆ ತಲೆ ಕೆಡುತ್ತದೆ. ಏನು ಮಾಡಲಿ?

ಕನ್ನಡವನ್ನೇ ಹಿಂದಿನಿಂದ ಮುಂದಕ್ಕೆ ಓದಿ. ಇದು ಬರೀ ಉಪಾಯ ಅಲ್ಲ, ಎರಡೂ ಭಾಷೆಗಳ ಕಟ್ಟಡವೇ ಹಾಗಿದೆ.

‘ಬರುತ್ತಿರಬಹುದು’ ಅನ್ನುವ ಪದ ತೆಗೆದುಕೊಳ್ಳಿ. ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಒಳಗೆ ಮೂರು ತುಂಡುಗಳಿವೆ: ಬರುತ್ತ, ಇರ, ಬಹುದು. ಇದನ್ನು ತಿರುಗಿಸಿ ಇಡಿ: ಬಹುದು, ಇರ, ಬರುತ್ತ. ಈಗ ಒಂದೊಂದಕ್ಕೂ ಇಂಗ್ಲಿಷ್ ಇಡಿ: ಮೇ, ಬಿ, ಕಮಿಂಗ್. ‘ಹಿ ಮೇ ಬಿ ಕಮಿಂಗ್.’ ಕನ್ನಡದ ಬಾಲ ಇಂಗ್ಲಿಷಿನ ತಲೆ.

ಇನ್ನೊಂದು: ‘ಬಂದಿರಬಹುದು’. ಬಂದು, ಇರ, ಬಹುದು. ತಿರುಗಿಸಿದರೆ ಮೇ, ಹ್ಯಾವ್, ಕಮ್. ‘ಹಿ ಮೇ ಹ್ಯಾವ್ ಕಮ್.’ ‘ಬಂದಿರಬೇಕು’ ಅಂದರೆ ‘ಮಸ್ಟ್ ಹ್ಯಾವ್ ಕಮ್’. ಮೊದಲ ಸಲ ಇದನ್ನು ಹಾಳೆಯ ಚೂರುಗಳ ಮೇಲೆ ಬರೆದು, ಮೇಜಿನ ಮೇಲೆ ತಿರುಗಿಸಿ ತೋರಿಸಿದಾಗ ಎದುರಿಗಿದ್ದವರ ಮುಖ ಅರಳಿದ್ದು ಇನ್ನೂ ನೆನಪಿದೆ. ಬೇಕಾದ ಯಂತ್ರ ಅವರ ಬಾಯಲ್ಲಿ ಮೊದಲೇ ಇತ್ತು, ಓಡಿಸುವ ದಿಕ್ಕು ಮಾತ್ರ ಬೇರೆ.

ಇಂಗ್ಲಿಷಿನಲ್ಲಿ ಈ ಸಾಲಿನ ಕ್ರಮ ಎಂದೂ ಬದಲಾಗುವುದಿಲ್ಲ. ಮೊದಲು ಮೋಡಲ್, ಆಮೇಲೆ ಹ್ಯಾವ್, ಆಮೇಲೆ ನಡೆಯುತ್ತಿರುವುದನ್ನು ಹೇಳುವ ಬಿ, ಆಮೇಲೆ ಪ್ಯಾಸಿವ್‌ನ ಬಿ (ಯಾರೋ ಮಾಡಿದ್ದು ಅಂತ ಹೇಳುವುದು), ಕೊನೆಗೆ ಮುಖ್ಯ ಕ್ರಿಯಾಪದ. ಎಲ್ಲವನ್ನೂ ತುಂಬಿಸಿದರೆ ‘ವಿ ಮೈಟ್ ಹ್ಯಾವ್ ಬೀನ್ ಬೀಯಿಂಗ್ ವಾಚ್ಡ್’, ಅಂದರೆ ‘ನಮ್ಮನ್ನು ಯಾರೋ ನೋಡುತ್ತಿದ್ದಿರಬಹುದು’. ಕೊಂಡಿ ಕೊಂಡಿ ಬಿಡಿಸಿ ನೋಡಿ. ‘ಮೈಟ್’ ಮೋಡಲ್, ಆದ್ದರಿಂದ ಪಕ್ಕದಲ್ಲಿ ‘ಹ್ಯಾವ್’ ಮೂಲ ರೂಪದಲ್ಲಿದೆ. ‘ಹ್ಯಾವ್’ ವಿ3 ಕೇಳುತ್ತದೆ, ಆದ್ದರಿಂದ ‘ಬಿ’ ಹೋಗಿ ‘ಬೀನ್’ ಆಗಿದೆ. ಆ ‘ಬೀನ್’ ಇಂಗ್ ಕೇಳುತ್ತದೆ, ಆದ್ದರಿಂದ ಮುಂದಿನದು ‘ಬೀಯಿಂಗ್’. ಪ್ಯಾಸಿವ್‌ನ ‘ಬೀಯಿಂಗ್’ ವಿ3 ಕೇಳುತ್ತದೆ, ಅದಕ್ಕೇ ‘ವಾಚ್ಡ್’. ಇಷ್ಟು ಉದ್ದದ ವಾಕ್ಯ ದಿನಾ ಯಾರೂ ಆಡುವುದಿಲ್ಲ. ಆದರೆ ಇದೊಂದು ಅರ್ಥವಾದರೆ ಚಿಕ್ಕವೆಲ್ಲ ತಾವಾಗೇ ಬರುತ್ತವೆ.

‘ಡಿಡ್ ಯು ವೆಂಟ್’ ಯಾಕೆ ತಪ್ಪು? ಹೋದೆಯಾ ಅನ್ನುವುದು ಭೂತಕಾಲ ತಾನೇ?

ಭೂತಕಾಲವೇ. ಆದರೆ ಅದನ್ನು ‘ಡಿಡ್’ ಆಗಲೇ ಹೇಳಿ ಆಗಿದೆ. ಇನ್ನೊಮ್ಮೆ ಹೇಳುವ ಹಾಗಿಲ್ಲ.

ಕನ್ನಡದಲ್ಲಿ ಇದಕ್ಕೆ ಎಷ್ಟು ಚೆಂದದ ಸಾಕ್ಷಿ ಇದೆ ನೋಡಿ. ‘ಹೋದ’ ಅನ್ನುತ್ತೇವೆ. ಇಲ್ಲ ಅನ್ನಬೇಕಾದರೆ ‘ಹೋಗಲಿಲ್ಲ’ ಅನ್ನುತ್ತೇವೆ. ‘ಹೋದಲಿಲ್ಲ’ ಅಂತ ಮಗು ಕೂಡ ಹೇಳುವುದಿಲ್ಲ. ‘ಇಲ್ಲ’ ಬಂದ ತಕ್ಷಣ ‘ಹೋದ’ ತನ್ನ ಭೂತಕಾಲದ ಅಂಗಿ ಕಳಚಿ ‘ಹೋಗಲ್’ ಅನ್ನುವ ಸಾದಾ ರೂಪಕ್ಕೆ ಮರಳುತ್ತದೆ. ‘ಡಿಡಂಟ್ ಗೋ’ ಅಂದರೂ ಅದೇ ನಡೆಯುವುದು. ‘ಡಿಡಂಟ್ ವೆಂಟ್’ ಅಂತ ಬಾಯಿಗೆ ಬಂದಾಗಲೆಲ್ಲ ‘ಹೋದಲಿಲ್ಲ’ ಅಂತ ಒಮ್ಮೆ ಹೇಳಿಕೊಳ್ಳಿ. ಕಿವಿಗೆ ಚುಚ್ಚುತ್ತದೆ. ಇಂಗ್ಲಿಷ್ ಮನೆಮಾತಾದವರ ಕಿವಿಗೆ ‘ಡಿಡಂಟ್ ವೆಂಟ್’ ಚುಚ್ಚುವುದೂ ಹಾಗೇ.

ಅಂದಹಾಗೆ, ಈ ‘ಡೂ’ ಇಂಗ್ಲಿಷಿನಲ್ಲಿ ಮೊದಲಿಂದ ಕಡ್ಡಾಯ ಇರಲಿಲ್ಲ. 16-17ನೇ ಶತಮಾನದಲ್ಲೂ ‘ಐ ನೋ ನಾಟ್’ ಅಂತ ಸಲೀಸಾಗಿ ಬರೆಯುತ್ತಿದ್ದರು. ನಿಧಾನವಾಗಿ ‘ಐ ಡು ನಾಟ್ ನೋ’ ಗಟ್ಟಿಯಾಯಿತು.

‘ಹಿ ಈಸ್ ಕಮ್’, ‘ಹಿ ಹ್ಯಾಸ್ ಕಮ್’. ಯಾವುದು ಸರಿ?

ಇಂದಿನ ಇಂಗ್ಲಿಷಿನಲ್ಲಿ ‘ಹಿ ಹ್ಯಾಸ್ ಕಮ್’. ನಮಗೆ ಈ ಗೊಂದಲ ಯಾಕೆ ಬರುತ್ತದೆ ಅಂದರೆ ಕನ್ನಡದಲ್ಲಿ ಎರಡಕ್ಕೂ ‘ಇರು’ ಒಂದೇ ಸಾಕು. ‘ಬರುತ್ತಿದ್ದಾನೆ’ ಅನ್ನುವುದರಲ್ಲೂ ‘ಇದ್ದಾನೆ’ ಇದೆ, ‘ಬಂದಿದ್ದಾನೆ’ ಅನ್ನುವುದರಲ್ಲೂ ‘ಇದ್ದಾನೆ’ ಇದೆ. ಹಾಗಾಗಿ ಎರಡಕ್ಕೂ ‘ಈಸ್’ ಹಾಕಬೇಕು ಅನಿಸುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ‘-ತ್ತಿದ್ದಾನೆ’ ಬಂದರೆ ‘ಈಸ್’ ಮತ್ತು ‘ಇಂಗ್’. ‘-ದಿದ್ದಾನೆ’ ಬಂದರೆ ‘ಹ್ಯಾಸ್’ ಮತ್ತು ವಿ3.

ಹಳೆಯ ಇಂಗ್ಲಿಷಿನವರೂ ಹೋಗು, ಬಾ ತರಹದ ಕ್ರಿಯಾಪದಗಳ ಜೊತೆ ‘ಬಿ’ ಬಳಸುತ್ತಿದ್ದರು. ‘ಹಿ ಈಸ್ ಕಮ್’ ಆಗ ತಪ್ಪಾಗಿರಲಿಲ್ಲ. ಅದರ ಒಂದು ಎಳೆ ಇವತ್ತೂ ಉಳಿದಿದೆ: ‘ಹಿ ಈಸ್ ಗಾನ್’, ಅಂದರೆ ಹೋಗಿಬಿಟ್ಟಿದ್ದಾನೆ, ಈಗ ಇಲ್ಲಿಲ್ಲ.

‘ಐ ಹ್ಯಾವ್ ಕಮ್ ಯೆಸ್ಟರ್‌ಡೇ’ ಅನ್ನಬಹುದಾ?

ಬೇಡ. ‘ನಿನ್ನೆ ಬಂದಿದ್ದೇನೆ’ ಕನ್ನಡದಲ್ಲಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಹ್ಯಾವ್’ ಜೊತೆ ಮುಗಿದುಹೋದ ಹೊತ್ತಿನ ಪದ ಬರುವುದಿಲ್ಲ. ನಿನ್ನೆ, ಹೋದ ವಾರ, 2010ರಲ್ಲಿ ಅಂತೆಲ್ಲ ಬಂದರೆ ಒಂಟಿ ವಿ2: ‘ಐ ಕೇಮ್ ಯೆಸ್ಟರ್‌ಡೇ’. ಯಾವಾಗ ಅಂತ ಹೇಳದೆ, ಆಗಿದೆ ಅಂತಷ್ಟೇ ಹೇಳುವುದಾದರೆ ‘ಐ ಹ್ಯಾವ್ ಕಮ್’.

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಅಂದರೆ ಏನು ತಪ್ಪು?

ಎರಡು ತಪ್ಪಿವೆ. ಹಿಂದೆ ಶುರುವಾಗಿ ಇವತ್ತಿನವರೆಗೆ ಬಂದದ್ದನ್ನು ಹೇಳಲು ಬರೀ ‘ಆಮ್’ ಸಾಲದು, ‘ಹ್ಯಾವ್ ಬೀನ್’ ಬೇಕು. ಹಾಗೇ ‘ಸಿನ್ಸ್’ ಬರುವುದು ಶುರುವಾದ ಬಿಂದುವಿಗೆ, ‘ಫಾರ್’ ಬರುವುದು ಕಳೆದ ಅವಧಿಗೆ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್.’ ಅಥವಾ ‘ಸಿನ್ಸ್ 2015’. ಕನ್ನಡದಲ್ಲಿ ‘ಹತ್ತು ವರ್ಷದಿಂದ’, ‘2015ರಿಂದ’ ಎರಡಕ್ಕೂ ‘ಇಂದ’ ಒಂದೇ. ಅದಕ್ಕೇ ಜಾರುತ್ತೇವೆ.

‘ಐ ಆಮ್ ಬೋರಿಂಗ್’ ಅಂದಾಗ ಎಲ್ಲರೂ ನಕ್ಕರು. ಯಾಕೆ?

ಏಕೆಂದರೆ ಅದರ ಅರ್ಥ ‘ನಾನು ಬೇರೆಯವರಿಗೆ ಬೇಜಾರು ತರಿಸುವವನು’ ಅಂತ. ನಿಮಗೆ ಬೇಜಾರಾಗಿದ್ದರೆ ‘ಐ ಆಮ್ ಬೋರ್ಡ್’. ನಗುವುದು ಬೇಡವಾಗಿತ್ತು. ಇದು ಬುದ್ಧಿಗೆ ಸಂಬಂಧಪಟ್ಟ ತಪ್ಪಲ್ಲ, ಎರಡು ಪಾರ್ಟಿಸಿಪಲ್‌ಗಳ ದಿಕ್ಕು ತಿಳಿಯದೆ ಆಗುವ ತಪ್ಪು.

‘ಇಂಗ್’ ಹೊರಗೆ ಹರಿಯುತ್ತದೆ, ‘ಎಡ್’ ಒಳಗೆ ಬರುತ್ತದೆ. ಭಾವನೆ ಹುಟ್ಟಿಸುವುದಕ್ಕೆ ‘ಇಂಗ್’, ಭಾವನೆ ಅನುಭವಿಸುವವರಿಗೆ ‘ಎಡ್’. ಕಥೆ ‘ಇಂಟರೆಸ್ಟಿಂಗ್’, ಓದುವವರು ‘ಇಂಟರೆಸ್ಟೆಡ್’. ಸುದ್ದಿ ‘ಶಾಕಿಂಗ್’, ಕೇಳಿದವರು ‘ಶಾಕ್ಡ್’. ಪ್ರಯಾಣ ‘ಟೈರಿಂಗ್’, ಮಾಡಿದವರು ‘ಟೈರ್ಡ್’. ಕನ್ನಡದಲ್ಲಿ ‘ಬೇಸರ ತರಿಸುವ’, ‘ಬೇಸತ್ತ’ ಅಂತ ಎರಡು ಬೇರೆ ಪದಗಳೇ ಇವೆ. ‘ತರಿಸುವ’ ಅಂತ ಹೇಳಲು ಬಂದರೆ ‘ಇಂಗ್’ ಹಾಕಿ. ಒಬ್ಬ ಮನುಷ್ಯನೂ ‘ಬೋರಿಂಗ್’ ಆಗಬಹುದು, ಆದರೆ ಅದನ್ನು ಹೇಳಬೇಕಾದವರು ಅವನ ಮಾತು ಕೇಳುತ್ತಾ ಕೂತವರು.

‘ಸ್ವಿಮಿಂಗ್ ಈಸ್ ಗುಡ್’ ಅನ್ನುವುದರಲ್ಲಿ ‘ಸ್ವಿಮಿಂಗ್’ ಪಾರ್ಟಿಸಿಪಲ್ಲಾ?

ಇಲ್ಲಿ ಅದು ನಾಮಪದದ ಕೆಲಸ ಮಾಡುತ್ತಿದೆ, ಜೆರಂಡ್ ಅನ್ನುತ್ತಾರೆ. ಕನ್ನಡದ ‘ಈಜುವುದು’. ‘ಎ ಸ್ವಿಮಿಂಗ್ ಬಾಯ್’ ಅಂದರೆ ‘ಈಜುವ ಹುಡುಗ’, ಅಲ್ಲಿ ಪಾರ್ಟಿಸಿಪಲ್. ‘-ವುದು’ ಅಂತ ಅನುವಾದವಾದರೆ ಜೆರಂಡ್, ‘-ವ’ ಅಥವಾ ‘-ತ್ತಾ’ ಅಂತ ಆದರೆ ಪಾರ್ಟಿಸಿಪಲ್. ‘ಸ್ವಿಮಿಂಗ್ ಪೂಲ್’ ಅಂದರೆ ಈಜುವ ಕೊಳ ಅಲ್ಲ, ಕೊಳ ಈಜುವುದಿಲ್ಲವಲ್ಲ. ಈಜುವುದಕ್ಕೆ ಇರುವ ಕೊಳ. ಆದ್ದರಿಂದ ಅದೂ ಜೆರಂಡ್.

ವಿ1, ವಿ2, ವಿ3 ಎಲ್ಲ ಬಾಯಿಪಾಠ ಮಾಡಲೇಬೇಕಾ?

ನಿಯಮಕ್ಕೆ ಸಿಗದ ಕ್ರಿಯಾಪದಗಳು ಸುಮಾರು 200 ಇವೆ. ದಿನದ ಮಾತಿಗೆ ಅಷ್ಟೂ ಬೇಕಾಗಿಲ್ಲ. ಇರುವವೂ ಗುಂಪು ಗುಂಪಾಗಿ ನಿಲ್ಲುತ್ತವೆ.

ಕಟ್, ಪುಟ್, ಹಿಟ್, ಶಟ್: ಇವು ಮೂರು ಜಾಗದಲ್ಲೂ ಒಂದೇ. ಬೈ-ಬಾಟ್-ಬಾಟ್, ಟೀಚ್-ಟಾಟ್-ಟಾಟ್, ಸೆಂಡ್-ಸೆಂಟ್-ಸೆಂಟ್: ಇವುಗಳಲ್ಲಿ ಕೊನೆಯ ಎರಡು ಒಂದೇ. ಸಿಂಗ್-ಸ್ಯಾಂಗ್-ಸಂಗ್, ಡ್ರಿಂಕ್-ಡ್ರ್ಯಾಂಕ್-ಡ್ರಂಕ್, ಬಿಗಿನ್-ಬಿಗ್ಯಾನ್-ಬಿಗನ್: ಇಲ್ಲಿ ಸ್ವರ ಮಾತ್ರ ಇ, ಆ್ಯ, ಅ ಅಂತ ಇಳಿಯುತ್ತದೆ. ಬ್ರೇಕ್-ಬ್ರೋಕ್-ಬ್ರೋಕನ್, ಸ್ಪೀಕ್-ಸ್ಪೋಕ್-ಸ್ಪೋಕನ್: ಕೊನೆಗೆ ‘ನ್’ ಸೇರುತ್ತದೆ. ಕಮ್-ಕೇಮ್-ಕಮ್, ರನ್-ರ‍್ಯಾನ್-ರನ್: ಹೊರಟಲ್ಲಿಗೇ ವಾಪಸ್.

ನಾನು ಬಲವಾಗಿ ಹೇಳುವುದು ಒಂದೇ. ‘ಗೋ, ವೆಂಟ್, ಗಾನ್’ ಅಂತ ಸುಮ್ನೆ ಮಂತ್ರದ ಹಾಗೆ ಹೇಳಬೇಡಿ. ಮೂರು ಪದ ಬಂತು, ಯಾವುದು ಎಲ್ಲಿ ಕೂರುತ್ತದೆ ಅಂತ ಮಾತ್ರ ಗೊತ್ತಾಗಲಿಲ್ಲ ಅನ್ನುವವರು ಇದರಿಂದಲೇ ಆಗುವುದು. ಹೀಗೆ ಹೇಳಿ: ‘ಐ ಗೋ, ಐ ವೆಂಟ್, ಐ ಹ್ಯಾವ್ ಗಾನ್. ಐ ಸೀ, ಐ ಸಾ, ಐ ಹ್ಯಾವ್ ಸೀನ್.’ ವಿ3 ತನ್ನ ‘ಹ್ಯಾವ್’ ಜೊತೆಗೇ ನಾಲಿಗೆಗೆ ಅಂಟಿಕೊಳ್ಳಬೇಕು.

ಒಂದು ಜೋಡಿಗೆ ಮಾತ್ರ ಎಚ್ಚರ ಬೇಕು. ಮಲಗುವುದು ‘ಲೈ-ಲೇ-ಲೇನ್’, ಇಡುವುದು ‘ಲೇ-ಲೇಡ್-ಲೇಡ್’. ಒಂದರ ವಿ2 ಇನ್ನೊಂದರ ವಿ1. ಇಂಗ್ಲಿಷ್ ಮನೆಮಾತಾದವರೂ ಇಲ್ಲಿ ತಪ್ಪುತ್ತಾರೆ.

‘ಎಡ್’ ಯಾವಾಗಲೂ ‘ಎಡ್’ ಅಂತಲೇ ಉಚ್ಚರಿಸಬೇಕಾ?

ಇಲ್ಲ. ‘ಟ’, ‘ಡ’ ಸದ್ದಿನಿಂದ ಮುಗಿಯುವ ಕ್ರಿಯಾಪದಗಳಿಗೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಕ, ಪ, ಸ, ಶ, ಚ ತರಹದ ಉಸಿರಿನ ಸದ್ದು ಬಂದರೆ ‘ಟ್’: ವಾಕ್ಟ್, ಹೆಲ್ಪ್ಟ್, ವಾಚ್ಟ್. ಉಳಿದದ್ದಕ್ಕೆ ‘ಡ್’: ಪ್ಲೇಡ್, ಕಾಲ್ಡ್. ‘ವಾಕೆಡ್’ ಅನ್ನುವ ಅಭ್ಯಾಸ ಬಿಟ್ಟುಬಿಡಿ. ‘ಲರ್ನಿಡ್ ಮ್ಯಾನ್’, ಅಂದರೆ ವಿದ್ವಾಂಸ, ತರಹದ ಕೆಲವು ವಿಶೇಷಣಗಳಲ್ಲಿ ಮಾತ್ರ ಹಳೆಯ ‘ಇಡ್’ ಉಳಿದಿದೆ.

ಪ್ಯಾಸಿವ್‌ನಲ್ಲಿ ‘ಈಸ್ ಬೀಯಿಂಗ್’, ‘ಹ್ಯಾಸ್ ಬೀನ್’ ವ್ಯತ್ಯಾಸ ಏನು?

‘ದ ರೋಡ್ ಈಸ್ ಬೀಯಿಂಗ್ ರಿಪೇರ್ಡ್’ ಅಂದರೆ ಈಗ ರಿಪೇರಿ ನಡೆಯುತ್ತಿದೆ. ‘ದ ರೋಡ್ ಹ್ಯಾಸ್ ಬೀನ್ ರಿಪೇರ್ಡ್’ ಅಂದರೆ ಆಗಿಹೋಗಿದೆ. ಬರೆಯುವಾಗ ‘ಹ್ಯಾಸ್ ಬೀಯಿಂಗ್’, ‘ಈಸ್ ಬೀನ್’ ಅಂತ ಅದಲು ಬದಲು ಮಾಡುವವರು ತುಂಬ ಜನ. ‘ಹ್ಯಾಸ್’ ವಿ3 ಕೇಳುತ್ತದೆ, ‘ಬಿ’ಯ ವಿ3 ‘ಬೀನ್’. ಹಾಗಾಗಿ ‘ಹ್ಯಾಸ್’ ಪಕ್ಕದಲ್ಲಿ ಯಾವಾಗಲೂ ‘ಬೀನ್’, ‘ಈಸ್’ ಪಕ್ಕದಲ್ಲಿ ಯಾವಾಗಲೂ ‘ಬೀಯಿಂಗ್’.

‘ಈಸ್ ಬೀಯಿಂಗ್ ಬಿಲ್ಟ್’ ತರಹದ ರಚನೆ ಬಳಕೆಗೆ ಬರತೊಡಗಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮುಂಚೆ ‘ದ ಹೌಸ್ ಈಸ್ ಬಿಲ್ಡಿಂಗ್’ ಅನ್ನುತ್ತಿದ್ದರು. 19ನೇ ಶತಮಾನದ ಕೆಲವು ಪಂಡಿತರಿಗೆ ಈ ಹೊಸ ರೂಪ ಸ್ವಲ್ಪವೂ ಇಷ್ಟವಾಗಿರಲಿಲ್ಲ. ಇವತ್ತು ಅದಿಲ್ಲದೆ ಪತ್ರಿಕೆಯ ಒಂದು ಪುಟವೂ ನಡೆಯುವುದಿಲ್ಲ.

‘ಮಾಡಬೇಕಿತ್ತು’, ‘ಮಾಡಿರಬೇಕು’. ಇವೆರಡನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

‘ಮಾಡಿರಬೇಕು’ ನಮ್ಮ ಊಹೆ: ‘ಹಿ ಮಸ್ಟ್ ಹ್ಯಾವ್ ಡನ್ ಇಟ್’. ‘ಮಾಡಬೇಕಿತ್ತು’ ಅಂದರೆ ಮಾಡಲಿಲ್ಲ ಅನ್ನುವ ಆಕ್ಷೇಪ ಅಥವಾ ಬೇಸರ: ‘ಹಿ ಶುಡ್ ಹ್ಯಾವ್ ಡನ್ ಇಟ್’. ‘ಮಾಡಬಹುದಿತ್ತು’ ಅಂದರೆ ‘ಹಿ ಕುಡ್ ಹ್ಯಾವ್ ಡನ್ ಇಟ್’.

ಮೇಲೆ ಹೇಳಿದ ತಿರುಗಿಸುವ ಲೆಕ್ಕ ಇಲ್ಲಿ ಪೂರ್ತಿ ಕೂಡುವುದಿಲ್ಲ, ಯಾಕೆ ಅಂತ ನೋಡುವುದು ಒಳ್ಳೆಯದು. ಕನ್ನಡದಲ್ಲಿ ‘ಬೇಕು’ ಅನ್ನುವುದನ್ನೇ ‘ಬೇಕಿತ್ತು’ ಅಂತ ಹಿಂದಕ್ಕೆ ಕಳಿಸಬಹುದು. ಇಂಗ್ಲಿಷಿನ ‘ಶುಡ್’ ಹಾಗೆ ಹಿಂದೆ ಹೋಗುವುದಿಲ್ಲ. ಆದ್ದರಿಂದ ಮುಖ್ಯ ಕ್ರಿಯಾಪದದ ಕಡೆಗೆ ‘ಹ್ಯಾವ್’ ಸೇರಿಸಿ ಆ ಕೆಲಸವನ್ನೇ ಹಿಂದಕ್ಕೆ ತಳ್ಳುತ್ತಾರೆ. ಇನ್ನೊಂದು ಮಾತು, ಬೇಗ ಮಾತಾಡುವಾಗ ‘ಶುಡ್ ಹ್ಯಾವ್’ ಅನ್ನುವುದು ‘ಶುಡವ್’ ಅಂತ ಕೇಳುತ್ತದೆ. ಅದನ್ನು ನಂಬಿ ‘ಶುಡ್ ಆಫ್’ ಅಂತ ಬರೆಯಬೇಡಿ.

‘ಮಸ್ಟ್ ನಾಟ್’, ‘ಡೋಂಟ್ ಹ್ಯಾವ್ ಟು’ ಎರಡೂ ಒಂದೇನಾ?

ಒಂದೇ ಅಲ್ಲ. ‘ಯು ಮಸ್ಟ್ ನಾಟ್ ಗೋ’ ಅಂದರೆ ಹೋಗಬಾರದು. ‘ಯು ಡೋಂಟ್ ಹ್ಯಾವ್ ಟು ಗೋ’ ಅಂದರೆ ಹೋಗಬೇಕಾಗಿಲ್ಲ, ಹೋದರೂ ತೊಂದರೆ ಇಲ್ಲ.

‘ಶಲ್’ ಮತ್ತು ‘ವಿಲ್’?

‘ಐ’, ‘ವಿ’ ಬಂದರೆ ‘ಶಲ್’, ಉಳಿದವರಿಗೆ ‘ವಿಲ್’ ಅನ್ನುವ ನಿಯಮವನ್ನು 1653ರಲ್ಲಿ ಜಾನ್ ವಾಲಿಸ್ ತಮ್ಮ ವ್ಯಾಕರಣದಲ್ಲಿ ಬರೆದರು. ಹಳೆಯ ಪಠ್ಯಪುಸ್ತಕಗಳು ಅದನ್ನೇ ಹೇಳಿಕೊಂಡು ಬಂದವು. ಇಂದಿನ ಮಾತಿನಲ್ಲಿ ಎಲ್ಲರಿಗೂ ‘ವಿಲ್’ ಸಾಕು. ‘ಶಲ್ ವಿ ಗೋ?’, ಹೋಗೋಣವಾ, ಅನ್ನುವಲ್ಲಿ ‘ಶಲ್’ ಇನ್ನೂ ಜೀವಂತ ಇದೆ.

‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’, ‘ಐ ಆಮ್ ನೋಯಿಂಗ್’ ಅನ್ನಬಹುದಾ?

ಬೇಡ. ಇಂಗ್ ರೂಪ ನಡೆಯುವ ಕೆಲಸಕ್ಕೆ. ತಿಳಿದಿರುವುದು, ಇಷ್ಟ ಇರುವುದು, ಹೊಂದಿರುವುದು ಕೆಲಸಗಳಲ್ಲ, ಸ್ಥಿತಿಗಳು. ‘ಐ ಹ್ಯಾವ್ ಟು ಬ್ರದರ್ಸ್’, ‘ಐ ನೋ’. ‘ಐ ಆಮ್ ಹ್ಯಾವಿಂಗ್ ಲಂಚ್’ ಮಾತ್ರ ಸರಿ, ಅಲ್ಲಿ ‘ಹ್ಯಾವ್’ ಅಂದರೆ ತಿನ್ನುವುದು.

‘ಎದ್ದು, ಮುಖ ತೊಳೆದು, ಊಟ ಮಾಡಿ ಹೊರಟೆ’. ಇದನ್ನು ‘ಹ್ಯಾವಿಂಗ್’ ಹಾಕಿ ಹೇಳಬೇಕಾ?

ಕನ್ನಡದ ‘ಎದ್ದು’, ‘ತೊಳೆದು’, ‘ಮಾಡಿ’ ಇವು ಎಷ್ಟು ಬೇಕಾದರೂ ಸಾಲಾಗಿ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ‘ಹ್ಯಾವಿಂಗ್ ಗಾಟ್ ಅಪ್, ಹ್ಯಾವಿಂಗ್ ವಾಶ್ಡ್, ಹ್ಯಾವಿಂಗ್ ಈಟನ್’ ಅಂದರೆ ವ್ಯಾಕರಣ ತಪ್ಪಲ್ಲ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ. ಸರಳವಾಗಿ ‘ಐ ಗಾಟ್ ಅಪ್, ವಾಶ್ಡ್ ಮೈ ಫೇಸ್, ಏಟ್ ಅಂಡ್ ಲೆಫ್ಟ್’. ಒಂದು ಕೆಲಸ ಪೂರ್ತಿ ಮುಗಿದ ಮೇಲೇ ಇನ್ನೊಂದು ಆಯಿತು ಅಂತ ಒತ್ತಿ ಹೇಳಬೇಕಾದಾಗ ಮಾತ್ರ ‘ಹ್ಯಾವಿಂಗ್’: ‘ಹ್ಯಾವಿಂಗ್ ರೆಡ್ ದ ಲೆಟರ್, ಶಿ ಟೋರ್ ಇಟ್’, ಪತ್ರ ಓದಿ ಮುಗಿಸಿ ಅದನ್ನು ಹರಿದು ಹಾಕಿದಳು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ‘ಮಳೆ ಬಂದು ನೆಲ ಒದ್ದೆಯಾಯಿತು’ ಅನ್ನುತ್ತೇವೆ. ಬಂದದ್ದು ಮಳೆ, ಒದ್ದೆಯಾದದ್ದು ನೆಲ. ಕರ್ತೃ ಇಬ್ಬರು, ಆದರೂ ಕನ್ನಡ ಒಪ್ಪುತ್ತದೆ. ಇಂಗ್ಲಿಷ್ ಒಪ್ಪುವುದಿಲ್ಲ. ಶುರುವಿನಲ್ಲಿ ಪಾರ್ಟಿಸಿಪಲ್ ಇಟ್ಟರೆ, ಅಲ್ಪವಿರಾಮ ಆದ ಮೇಲೆ ಬರುವ ಕರ್ತೃವೇ ಆ ಕೆಲಸ ಮಾಡಿರಬೇಕು. ‘ವಾಕಿಂಗ್ ಇಂಟು ದ ರೂಮ್, ದ ಲೈಟ್ ವೆಂಟ್ ಆಫ್’ ಅಂದರೆ ದೀಪವೇ ಕೋಣೆಯೊಳಗೆ ನಡೆದುಕೊಂಡು ಬಂದ ಹಾಗಾಯಿತು. ‘ಆಸ್ ಐ ವಾಕ್ಡ್ ಇಂಟು ದ ರೂಮ್, ದ ಲೈಟ್ ವೆಂಟ್ ಆಫ್’ ಅನ್ನಿ. ‘ಜನರಲಿ ಸ್ಪೀಕಿಂಗ್’, ‘ಕನ್ಸಿಡರಿಂಗ್’ ತರಹದ ಕೆಲವಕ್ಕೆ ಮಾತ್ರ ಈ ಕಟ್ಟು ಇಲ್ಲ, ಅವು ರೂಢಿಯಾಗಿಬಿಟ್ಟಿವೆ.

‘ರಿಪೇರಿ ಮಾಡಿಸಿದೆ’ ಅಂತ ಹೇಗೆ ಹೇಳುವುದು? ‘ಐ ರಿಪೇರ್ಡ್’ ಅಂದರೆ ನಾನೇ ಮಾಡಿದ ಹಾಗಾಗುತ್ತೆ.

ಒಳ್ಳೆಯ ಪ್ರಶ್ನೆ. ನಮ್ಮ ‘-ಇಸು’ಗೆ ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ಲೇ ಗತಿ. ‘ಐ ಹ್ಯಾಡ್ ಮೈ ವಾಚ್ ರಿಪೇರ್ಡ್’, ಅಥವಾ ‘ಐ ಗಾಟ್ ಮೈ ವಾಚ್ ರಿಪೇರ್ಡ್’. ಕ್ರಮ ಬದಲಾಯಿಸಬೇಡಿ. ‘ಐ ಹ್ಯಾಡ್ ರಿಪೇರ್ಡ್ ಮೈ ವಾಚ್’ ಅಂದರೆ ನಾನೇ ರಿಪೇರಿ ಮಾಡಿದ್ದೆ ಅಂತ ಆಗುತ್ತದೆ. ಒಂದು ಪದ ಆಚೀಚೆ ಆದರೆ ಕೆಲಸ ಮಾಡಿದವರೇ ಬದಲಾಗುತ್ತಾರೆ.

‘ಯೂಸ್ಡ್ ಟು’ ಆದ ಮೇಲೆ ‘ಇಂಗ್’ ಬರುತ್ತದಾ?

‘ಯೂಸ್ಡ್’ಗಿಂತ ಮೊದಲು ‘ಬಿ’ ಕುಟುಂಬದ ಪದ ಇದೆಯಾ ನೋಡಿ, ಇದ್ದರೆ ‘ಇಂಗ್’. ‘ಐ ಯೂಸ್ಡ್ ಟು ವಾಕ್’ ಅಂದರೆ ಮೊದಲು ನಡೆಯುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ವಾಕಿಂಗ್’ ಅಂದರೆ ನಡೆದು ಅಭ್ಯಾಸವಾಗಿದೆ.

‘ಹ್ಯಾಡ್ ಹ್ಯಾಡ್’ ಅಂತ ಎರಡು ಸಲ ಬರೆದಿದ್ದರೆ ಅಚ್ಚಿನ ತಪ್ಪಾ?

ಅಲ್ಲ. ಮೊದಲ ‘ಹ್ಯಾಡ್’ ಹೆಲ್ಪಿಂಗ್ ವರ್ಬ್, ಎರಡನೆಯದು ‘ಹ್ಯಾವ್’ನ ವಿ3. ‘ಐ ಹ್ಯಾಡ್ ಹ್ಯಾಡ್ ಮೈ ಲಂಚ್’ ಅಂದರೆ ಅಷ್ಟು ಹೊತ್ತಿಗೆ ನನ್ನ ಊಟ ಆಗಿತ್ತು.

ಕೊನೆಗೆ ‘ಈಸಂಟ್ ಇಟ್’ ಹಾಕಿದರೆ ‘ಅಲ್ವಾ’ ಅಂತ ಆಗುತ್ತಲ್ಲ?

ನಮ್ಮ ‘ಅಲ್ವಾ’ ಎಲ್ಲದಕ್ಕೂ ಹೊಂದುತ್ತದೆ. ಇಂಗ್ಲಿಷಿಗೆ ಆ ಭಾಗ್ಯ ಇಲ್ಲ. ವಾಕ್ಯದಲ್ಲಿ ಯಾವ ಹೆಲ್ಪಿಂಗ್ ವರ್ಬ್ ಇದೆಯೋ ಅದೇ ಬಾಲದಲ್ಲಿ ಬರಬೇಕು. ‘ಯು ಕ್ಯಾನ್ ಸ್ವಿಮ್, ಕಾಂಟ್ ಯು?’ ‘ಶಿ ಹ್ಯಾಸ್ ಲೆಫ್ಟ್, ಹ್ಯಾಸಂಟ್ ಶಿ?’ ಹೆಲ್ಪಿಂಗ್ ವರ್ಬ್ ಕಾಣದಿದ್ದರೆ ‘ಡೂ’ ಬರುತ್ತದೆ: ‘ಯು ಕೇಮ್ ಯೆಸ್ಟರ್‌ಡೇ, ಡಿಡಂಟ್ ಯು?’ ‘ಐ ಆಮ್ ಲೇಟ್’ ಅಂದರೆ ಮಾತ್ರ ಬಾಲದಲ್ಲಿ ‘ಆರಂಟ್ ಐ?’. ಅದು ರೂಢಿ.

ಉತ್ತರ ಕೊಡುವಾಗಲೂ ಇದೇ. ‘ತಿಂದೆಯಾ?’ ಅಂದರೆ ನಾವು ‘ತಿಂದೆ’ ಅನ್ನುತ್ತೇವೆ. ‘ಹ್ಯಾವ್ ಯು ಈಟನ್?’ ಅಂದರೆ ಅವರು ‘ಯೆಸ್, ಐ ಹ್ಯಾವ್’ ಅನ್ನುತ್ತಾರೆ. ನಾವು ಮುಖ್ಯ ಕ್ರಿಯಾಪದ ಹಿಡಿದುಕೊಳ್ಳುತ್ತೇವೆ, ಅವರು ಹೆಲ್ಪಿಂಗ್ ವರ್ಬ್ ಹಿಡಿದುಕೊಳ್ಳುತ್ತಾರೆ.

‘ಹೀಸ್’, ‘ಐಡ್’ ಅಂತ ಚಿಕ್ಕದಾಗಿ ಹೇಳಿದಾಗ ಒಳಗೆ ಯಾವ ಪದ ಇದೆ ಅಂತ ಹೇಗೆ ಗೊತ್ತಾಗಬೇಕು?

ಪಕ್ಕದ ಪದ ಹೇಳಿಕೊಡುತ್ತದೆ. ‘ಹೀಸ್ ಈಟಿಂಗ್’ ಅನ್ನುವಲ್ಲಿ ‘ಇಂಗ್’ ಇದೆ, ಹಾಗಾಗಿ ಅದು ‘ಈಸ್’. ‘ಹೀಸ್ ಈಟನ್’ ಅನ್ನುವಲ್ಲಿ ಅವನು ತಿಂದಿದ್ದಾನೆ, ಅದು ‘ಹ್ಯಾಸ್’. ‘ಐಡ್ ಗೋ’ ಅನ್ನುವಲ್ಲಿ ವಿ1 ಇದೆ, ಅದು ‘ವುಡ್’. ‘ಐಡ್ ಗಾನ್’ ಅನ್ನುವಲ್ಲಿ ವಿ3 ಇದೆ, ಅದು ‘ಹ್ಯಾಡ್’. ‘ಐಡ್ ಕಮ್’ ಅಂತ ಬಂದರೆ ಮಾತ್ರ ಸುತ್ತಲಿನ ಮಾತು ಕೇಳಬೇಕಾಗುತ್ತದೆ, ಯಾಕೆಂದರೆ ‘ಕಮ್’ಗೆ ವಿ1, ವಿ3 ಎರಡೂ ಒಂದೇ.